‘ಆಗಬಹುದು’ ಮತ್ತು ‘ಆದೀತು’: ಗಂಭೀರ ಆರೋಗ್ಯ ತೊಡಕುಗಳ ಇಂಗ್ಲಿಷ್ ನುಡಿಗಟ್ಟುಗಳ ಕನ್ನಡ ಅನುವಾದ (ಹೂಲಿ ಪರಿಸರದ ಆಡುಮಾತನ್ನು ಅನುಲಕ್ಷಿಸಿ)

ಅನುವಾದವನ್ನು ಕುರಿತ ಕನ್ನಡದ ಚರ್ಚೆಗಳು ಬಹುಮಟ್ಟಿಗೆ ಸಾಹಿತ್ಯಕೃತಿಗಳ ಸುತ್ತಲೇ ನಡೆದಿವೆ. ಕಾವ್ಯ, ನಾಟಕ, ಕಾದಂಬರಿಗಳ ಅನುವಾದದಲ್ಲಿ ಉಂಟಾಗುವ ಲಾಭನಷ್ಟಗಳನ್ನು ವಿದ್ವಾಂಸರು ಸೂಕ್ಷ್ಮವಾಗಿ ಗುರುತಿಸಿದ್ದಾರೆ. ಆದರೆ ಅನುವಾದ ತಪ್ಪಿದರೆ ಓದುಗನ ರಸಾನುಭವಕ್ಕೆ ಮಾತ್ರವಲ್ಲ, ಅವನ ಜೀವಕ್ಕೇ ಕುತ್ತು ಬರುವ ಒಂದು ಕ್ಷೇತ್ರವಿದೆ. ಶಸ್ತ್ರಚಿಕಿತ್ಸೆಗೆ ಮುನ್ನ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ, ಗರ್ಭಿಣಿಯ ಕೈಗೆ ಕೊಡುವ ತಾಯಿ ಕಾರ್ಡು, ಔಷಧ ಪ್ರಯೋಗದಲ್ಲಿ ಭಾಗವಹಿಸುವವರಿಗೆ ಓದಿ ಹೇಳುವ ಮಾಹಿತಿ ಪತ್ರ ಇವೆಲ್ಲ ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಪಠ್ಯಗಳೇ. ಇವುಗಳಿಗೆ ಅನುವಾದಕನ ಹೆಸರಿರುವುದಿಲ್ಲ, ವಿಮರ್ಶಕರೂ ಇರುವುದಿಲ್ಲ. ಕನ್ನಡ ವಿಭಾಗಗಳ ಕಣ್ಣು ಇವುಗಳ ಮೇಲೆ ಬಿದ್ದದ್ದು ಕಡಿಮೆ.

ಇಂಥ ಪಠ್ಯಗಳು ಅರ್ಥವಾಗುವುದಿಲ್ಲ ಎಂಬ ದೂರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಕನ್ನಡದಲ್ಲಿ ವೈದ್ಯಕೀಯ ಪದಗಳ ಕೊರತೆ ಇದೆ ಎಂಬುದು. ಈ ಉತ್ತರ ಒಪ್ಪತಕ್ಕದ್ದಲ್ಲ. ಡಾ. ಡಿ.ಎಸ್. ಶಿವಪ್ಪನವರಂಥ ವೈದ್ಯರು ಪಾರಿಭಾಷಿಕ ಪದಗಳ ರಚನೆಗಾಗಿ ಸಾಕಷ್ಟು ದುಡಿದಿದ್ದಾರೆ, ಪದಗಳು ಇವೆ. ತೊಂದರೆ ಇರುವುದು ನಾಮಪದದಲ್ಲಿ ಅಲ್ಲ, ಕ್ರಿಯಾಪದದಲ್ಲಿ. ದೇಹದಲ್ಲಿ ಕಾಲಕ್ರಮದಲ್ಲಿ ನಡೆಯುವ ಒಂದು ಘಟನೆಯನ್ನು ಇಂಗ್ಲಿಷ್ ವೈದ್ಯಭಾಷೆ ನಾಮಪದವಾಗಿ ಹೆಪ್ಪುಗಟ್ಟಿಸುತ್ತದೆ. ಕನ್ನಡದ ಅನುವಾದಕ ಆ ಹೆಪ್ಪನ್ನು ಕರಗಿಸದೆ, ಅದರ ಮೇಲೆ ಸಂಸ್ಕೃತದ ಇನ್ನೊಂದು ಹೆಪ್ಪನ್ನು ಹಾಕುತ್ತಾನೆ. ಈ ಪ್ರಕ್ರಿಯೆಯಲ್ಲಿ ಯಾವಾಗ, ಯಾರಿಗೆ, ಎಷ್ಟು ಬೇಗ ಎಂಬ ಮೂರು ಸಂಗತಿಗಳು ಕಳೆದುಹೋಗುತ್ತವೆ. ಗಂಭೀರ ತೊಡಕಿನ ಸಂದರ್ಭದಲ್ಲಿ ರೋಗಿಗೆ ಬೇಕಾದದ್ದು ಆ ಮೂರೇ.

ಹೂಲಿಯ ಎರಡು ಕನ್ನಡ

ಸವದತ್ತಿಗೆ ಸಮೀಪದ ಹೂಲಿಯು ಶಾಸನಗಳಲ್ಲಿ ‘ಪೂಲಿ’ ಎಂದು ಕಾಣಿಸಿಕೊಳ್ಳುವ ಪ್ರಾಚೀನ ಅಗ್ರಹಾರ. ಪಕಾರವು ಹಕಾರವಾದ ಧ್ವನಿವ್ಯತ್ಯಾಸಕ್ಕೆ ಊರಿನ ಹೆಸರೇ ಸಾಕ್ಷಿ. ಇಲ್ಲಿನ ಪಂಚಲಿಂಗೇಶ್ವರ ದೇವಾಲಯವು ಕಲ್ಯಾಣ ಚಾಲುಕ್ಯರ ಕಾಲದ ವಾಸ್ತುವಿಗೆ ಪ್ರಸಿದ್ಧವಾಗಿದೆ. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ಅವುಗಳೊಳಗೆ ಎರಡು ಭಾಷಾಸ್ತರಗಳಿರುವುದು ಪರಿಚಿತ ಸಂಗತಿ. ದೇವತಾಸ್ತುತಿ, ರಾಜಪ್ರಶಸ್ತಿ, ಕೊನೆಯ ಶಾಪಾಶಯದ ಶ್ಲೋಕ ಇವು ಸಂಸ್ಕೃತದಲ್ಲೋ ಸಂಸ್ಕೃತಭೂಯಿಷ್ಠ ಕನ್ನಡದಲ್ಲೋ ಇರುತ್ತವೆ. ಆದರೆ ಕೊಟ್ಟ ಭೂಮಿಯ ಎಲ್ಲೆ ಯಾವುದು, ಅದು ಎಷ್ಟು ಮತ್ತರು, ಮೂಡಣ ದಿಕ್ಕಿಗೆ ಯಾವ ಕಲ್ಲು, ತೆಂಕಣ ದಿಕ್ಕಿಗೆ ಯಾವ ಹಳ್ಳ ಎಂಬ ಭಾಗಕ್ಕೆ ಬಂದೊಡನೆ ಶಾಸನಕವಿ ತನ್ನ ಪಾಂಡಿತ್ಯವನ್ನು ಬದಿಗಿಟ್ಟು ನೆಲದ ಮಾತಿಗೆ ಇಳಿಯುತ್ತಾನೆ. ಪ್ರಶಸ್ತಿಯ ಒಂದು ವಿಶೇಷಣ ಅರ್ಥವಾಗದಿದ್ದರೆ ಯಾರಿಗೂ ನಷ್ಟವಿಲ್ಲ. ಎಲ್ಲೆ ಅರ್ಥವಾಗದಿದ್ದರೆ ವ್ಯಾಜ್ಯವಾಗುತ್ತದೆ.

ಇಂದಿನ ಒಪ್ಪಿಗೆ ಪತ್ರಗಳಲ್ಲಿ ಈ ವಿವೇಕ ತಲೆಕೆಳಗಾಗಿರುವುದನ್ನು ಕಾಣಬಹುದು. ಆಸ್ಪತ್ರೆಯ ಹೆಸರು, ವಿಳಾಸ, ಸಹಿ ಮಾಡುವ ಜಾಗ ಇವು ತಿಳಿಗನ್ನಡದಲ್ಲಿರುತ್ತವೆ. ಅಪಾಯವನ್ನು ವಿವರಿಸುವ ಭಾಗ ಮಾತ್ರ ಪ್ರಶಸ್ತಿಯ ಭಾಷೆಯಲ್ಲಿರುತ್ತದೆ. ಹೂಲಿಯಂಥ ಊರಿನಿಂದ ಕಾಯಿಲೆಯವರು ಮೊದಲು ಆಶಾ ಕಾರ್ಯಕರ್ತೆಯ ಬಳಿಗೆ, ಅಲ್ಲಿಂದ ಸವದತ್ತಿಗೆ, ಕೈಮೀರಿದರೆ ಧಾರವಾಡ, ಹುಬ್ಬಳ್ಳಿ ಅಥವಾ ಬೆಳಗಾವಿಗೆ ಹೋಗುತ್ತಾರೆ. ದಾರಿ ದೂರವಾದಷ್ಟೂ ಕನ್ನಡವೂ ದೂರವಾಗುತ್ತ ಹೋಗುತ್ತದೆ. ಮನೆಯಲ್ಲಿ ‘ಆರಾಮಿಲ್ಲ’, ‘ಜಡ್ಡು’, ‘ಬ್ಯಾನಿ’ ಎಂದಿದ್ದದ್ದು ದೊಡ್ಡ ದವಾಖಾನೆಯ ಕಾಗದದಲ್ಲಿ ‘ಶಸ್ತ್ರಚಿಕಿತ್ಸೋತ್ತರ ಸಂಕೀರ್ಣತೆಗಳು’ ಆಗಿರುತ್ತದೆ. (ಹೂಲಿಯ ಮಾತು ಎಂದಾಗ ಇಲ್ಲಿ ಉದ್ದೇಶಿಸಿರುವುದು ಸವದತ್ತಿ, ಬೈಲಹೊಂಗಲ, ರಾಮದುರ್ಗ ಭಾಗಗಳು ಸಾಮಾನ್ಯವಾಗಿ ಹಂಚಿಕೊಂಡಿರುವ ಆಡುನುಡಿಯನ್ನು.)

ಇದು ಕೇವಲ ಶೈಲಿಯ ಪ್ರಶ್ನೆಯಲ್ಲ. 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ರೋಗಿಯ ಒಪ್ಪಿಗೆ ನಿಜವಾದದ್ದೂ ಸಿಂಧುವಾದದ್ದೂ ಆಗಿರಬೇಕಾದರೆ ಚಿಕಿತ್ಸೆಯ ಸ್ವರೂಪ, ಪರ್ಯಾಯಗಳು, ಮುಖ್ಯ ಅಪಾಯಗಳು ಮತ್ತು ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮಗಳು ರೋಗಿಗೆ ತಿಳಿದಿರಬೇಕೆಂದು ಹೇಳಿತು. ಹೊಸ ಔಷಧಗಳು ಮತ್ತು ಚಿಕಿತ್ಸಾ ಪ್ರಯೋಗಗಳ 2019ರ ನಿಯಮಗಳು ಮಾಹಿತಿಯು ತಾಂತ್ರಿಕವಲ್ಲದ, ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದು ವಿಧಿಸಿವೆ. ಓದುಬರಹ ಬಾರದವರಿದ್ದರೆ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರು ಇರಬೇಕೆನ್ನುತ್ತವೆ. ಹೀಗೆ ‘ಅರ್ಥವಾಗುವ ಭಾಷೆ’ ಎಂಬುದು ಈಗ ಕಾನೂನಿನ ಮಾತು. ಅದರ ಲಕ್ಷಣವೇನೆಂಬುದನ್ನು ನಿರ್ಣಯಿಸುವ ಕೆಲಸ ಕಾನೂನಿನದಲ್ಲ, ಭಾಷೆಯನ್ನು ಅಭ್ಯಾಸ ಮಾಡುವವರದು.

ತೊಡಕು, ಉಪದ್ರವ, ಹೆಚ್ಚುಕಡಿಮೆ

‘ಕಾಂಪ್ಲಿಕೇಶನ್’ ಎಂಬುದು ಲ್ಯಾಟಿನ್ ಮೂಲದ ಪದ. ಒಟ್ಟಿಗೆ ಮಡಿಚುವುದು, ಸುತ್ತಿಕೊಳ್ಳುವುದು ಎಂದು ಅದರ ಧಾತ್ವರ್ಥ. ಈ ದೃಷ್ಟಿಯಿಂದ ‘ತೊಡಕು’ ಅತ್ಯಂತ ನಿಕಟವಾದ ಕನ್ನಡ. ನೂಲು ತೊಡಕಿಕೊಂಡಂತೆ ಒಂದು ಕಾಯಿಲೆಗೆ ಇನ್ನೊಂದು ತೊಡಕಿಕೊಳ್ಳುತ್ತದೆ. ಪ್ರಸ್ತುತ ಲೇಖನದ ಶೀರ್ಷಿಕೆಯಲ್ಲೂ ಅದನ್ನೇ ಬಳಸಿದೆ. ಆದರೆ ವ್ಯುತ್ಪತ್ತಿ ಕೂಡಿದ ಮಾತ್ರಕ್ಕೆ ಬಳಕೆ ಕೂಡುವುದಿಲ್ಲ. ಪತ್ರಿಕೆಗಳ ಕನ್ನಡದಲ್ಲಿ ‘ಕಾನೂನು ತೊಡಕು’, ‘ಅನುದಾನ ಬಿಡುಗಡೆಗೆ ತೊಡಕು’ ಎಂದೇ ಈ ಪದ ಹೆಚ್ಚಾಗಿ ಬರುವುದರಿಂದ ಅದು ತಡವನ್ನು ಸೂಚಿಸುತ್ತದೆಯೇ ಹೊರತು ಕುತ್ತನ್ನಲ್ಲ. ಹಳೆಯ ಮೈಸೂರಿನ ಓದುಗನಿಗಂತೂ ಯುಗಾದಿಯ ಮರುದಿನದ ವರ್ಷತೊಡಕಿನ ಊಟವೇ ನೆನಪಾದರೂ ಆಶ್ಚರ್ಯವಿಲ್ಲ. ‘ಸಂಕೀರ್ಣತೆ’ ಎಂಬ ಇನ್ನೊಂದು ರೂಢಿಯ ಅನುವಾದ ಸ್ಪಷ್ಟವಾಗಿ ತಪ್ಪು. ಅದು ‘ಕಾಂಪ್ಲೆಕ್ಸಿಟಿ’ಗೆ ಸಲ್ಲುವ ಮಾತು. ‘ಗರ್ಭಾವಸ್ಥೆಯ ಸಂಕೀರ್ಣತೆ’ ಎಂದರೆ ಗರ್ಭಾವಸ್ಥೆ ಒಂದು ಕ್ಲಿಷ್ಟವಾದ ವಿಷಯ ಎಂದಾಗುತ್ತದೆ, ಅಷ್ಟೆ.

ಆಯುರ್ವೇದದ ‘ಉಪದ್ರವ’ ಪದವು ಈ ಪರಿಕಲ್ಪನೆಗೆ ಚೆನ್ನಾಗಿ ಒಪ್ಪುತ್ತದೆ. ಮೂಲರೋಗದ ನಂತರ ಹುಟ್ಟಿ, ಅದನ್ನೇ ಆಶ್ರಯಿಸಿ ಬೆಳೆಯುವ ಇನ್ನೊಂದು ರೋಗವೇ ಉಪದ್ರವವೆಂದು ಚರಕಸಂಹಿತೆ ವಿವರಿಸುತ್ತದೆ. ಮರಣಸೂಚಕ ಲಕ್ಷಣಗಳಿಗೆ ‘ಅರಿಷ್ಟ’ ಎಂಬ ಬೇರೆಯೇ ಪದವಿದೆ. ವಿಷಚಿಕಿತ್ಸೆಯಲ್ಲಿ ವಿಷವೇರುವ ಒಂದೊಂದು ಹಂತವನ್ನು ‘ವೇಗ’ವೆಂದು ಎಣಿಸುತ್ತಾರೆ, ಹಂತ ಎನ್ನುವ ಬದಲು ವೇಗ ಎಂದಾಗ ಕಾಲ ಓಡುತ್ತಿರುವುದು ಪದದಲ್ಲಿಯೇ ಕೇಳಿಸುತ್ತದೆ. ಈ ಶಾಸ್ತ್ರ ಕನ್ನಡಕ್ಕೂ ಬಂದಿತ್ತು. 12ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಸಂಸ್ಕೃತ ಕಲ್ಯಾಣಕಾರಕವನ್ನು ಕನ್ನಡಿಸಿದನು. 14ನೆಯ ಶತಮಾನದ ಮಂಗರಾಜನು ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದನು. ಆದರೆ ಇಂದಿನ ಕನ್ನಡದಲ್ಲಿ ಉಪದ್ರವವೆಂದರೆ ಕಾಟ, ಕಿರುಕುಳ. ಕೋತಿಗಳ ಉಪದ್ರವ, ಸೊಳ್ಳೆಗಳ ಉಪದ್ರವ ಎನ್ನುತ್ತೇವೆ. ಶಾಸ್ತ್ರದ ಪದವೊಂದು ಬೀದಿಗೆ ಬಂದು ಹಗುರವಾದ ಮೇಲೆ ಅದನ್ನು ಮತ್ತೆ ಶಾಸ್ತ್ರಕ್ಕೆ ಕರೆದೊಯ್ಯುವುದು ಸುಲಭವಲ್ಲ.

ಹಾಗಾದರೆ ಜನ ಏನೆನ್ನುತ್ತಾರೆ? ಸಹಿ ಹಾಕಿಸಿಕೊಳ್ಳುವ ಗಳಿಗೆಯಲ್ಲಿ ವೈದ್ಯರೂ ರೋಗಿಯ ಕಡೆಯವರೂ ಸಮಾನವಾಗಿ ಬಳಸುವ ಮಾತೊಂದಿದೆ: ‘ಏನರ ಹೆಚ್ಚುಕಡಿಮಿ ಆದ್ರ’. ಕಾಗದದ ಮೇಲಿನ ಎಲ್ಲ ಪಾರಿಭಾಷಿಕ ಪದಗಳಿಗೂ ಇದೊಂದೇ ಮೌಖಿಕ ಅನುವಾದ. ಎರಡು ವಿರುದ್ಧ ಪದಗಳನ್ನು ಕೂಡಿಸಿ, ಹೇಳಬಾರದ್ದನ್ನು ಹೇಳದೆಯೇ ಹೇಳುವ ಈ ಜೋಡುನುಡಿ ಕನ್ನಡದ ಸೊಗಸಾದ ನಿರ್ಮಿತಿಗಳಲ್ಲಿ ಒಂದು. ಆದರೆ ಸಣ್ಣ ಜ್ವರದಿಂದ ಸಾವಿನವರೆಗೆ ಎಲ್ಲವೂ ಅದರಲ್ಲಿ ಅಡಗುತ್ತದೆ. ಸೌಜನ್ಯಕ್ಕೆ ಒದಗುವ ಮಾತು ತಿಳುವಳಿಕೆಗೆ ಒದಗಬೇಕೆಂದಿಲ್ಲ. ಇದಕ್ಕೆ ಹೋಲಿಸಿದರೆ ‘ಕೈ ಮೀರಿತು’ ಎಂಬುದು ಹೆಚ್ಚು ನಿಖರ. ಒಂದು ಎಲ್ಲೆಯಿತ್ತು, ಅದು ದಾಟಿಹೋಯಿತು ಎಂಬ ಕ್ರಿಯೆ ಅದರಲ್ಲಿದೆ.

‘ಲೈಫ್ ಥ್ರೆಟನಿಂಗ್’ ಎಂಬುದರ ಗತಿ ಇನ್ನೂ ವಿಚಿತ್ರ. ಪದಕ್ಕೆ ಪದವಿಟ್ಟು ಅನುವಾದಿಸಿದರೆ, ಈಚಿನ ಯಂತ್ರಾನುವಾದಗಳಲ್ಲಿ ಕಾಣುವಂತೆ, ಅದು ‘ಜೀವ ಬೆದರಿಕೆಯ’ ಎಂದಾಗುತ್ತದೆ. ಕನ್ನಡದಲ್ಲಿ ಜೀವ ಬೆದರಿಕೆ ಹಾಕುವವರು ಮನುಷ್ಯರು. ಅದಕ್ಕೆ ಹೋಗಬೇಕಾದದ್ದು ಪೊಲೀಸ್ ಠಾಣೆಗೆ, ದವಾಖಾನೆಗಲ್ಲ. ಇದಕ್ಕೆ ಬದಲಾಗಿ ಕನ್ನಡದಲ್ಲಿ ಪ್ರಾಣಾಪಾಯ, ಜೀವಕ್ಕೆ ಎರವು, ಜೀವಕ್ಕೆ ಕುತ್ತು, ಜೀವಕ್ಕೆ ಸಂಚಕಾರ ಎಂಬ ನುಡಿಗಟ್ಟುಗಳಿವೆ. ಸಂಚಕಾರವೆಂದರೆ ವ್ಯವಹಾರ ಕುದುರಿದಾಗ ಕೊಡುವ ಮುಂಗಡ ಹಣ. ಜೀವಕ್ಕೆ ಸಂಚಕಾರ ಬಂದಿದೆ ಎಂದರೆ ಕೊಳ್ಳುವವನು ಮುಂಗಡ ಕೊಟ್ಟಾಗಿದೆ, ಇನ್ನು ಉಳಿದದ್ದು ಕೊಂಡೊಯ್ಯುವುದು ಮಾತ್ರ. ಅರಳೆ, ಜೋಳದ ವ್ಯಾಪಾರ ಬಲ್ಲ ಜನರಿಗೆ ಇದಕ್ಕಿಂತ ಖಚಿತವಾಗಿ ಅಪಾಯದ ಸಾಮೀಪ್ಯವನ್ನು ತಿಳಿಸುವ ರೂಪಕ ಸಿಗುವುದು ಕಷ್ಟ. ಆದರೂ ಒಪ್ಪಿಗೆ ಪತ್ರಕ್ಕೆ ಅದು ತಕ್ಕುದಲ್ಲ. ವ್ಯವಹಾರ ಮುರಿಯಲೂಬಹುದು ಎಂಬ ಭಾವ ರೂಪಕದಲ್ಲಿ ಮಸುಕಾಗಿ, ಭಯ ಮಾತ್ರ ಉಳಿಯುತ್ತದೆ.

ಸ್ರಾವವಲ್ಲ, ಸುರಿತ

ಅನುವಾದದ ಕೊರತೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ‘ಪೋಸ್ಟ್‌ಪಾರ್ಟಮ್ ಹೆಮರೇಜ್’ ಎಂಬ ನುಡಿಗಟ್ಟಿನಲ್ಲಿ. ಇದರ ರೂಢಿಯ ಕನ್ನಡ ‘ಹೆರಿಗೆ ನಂತರದ ರಕ್ತಸ್ರಾವ’. ಇಂಗ್ಲಿಷಿನಲ್ಲಿ ‘ಬ್ಲೀಡಿಂಗ್’ ಬೇರೆ, ‘ಹೆಮರೇಜ್’ ಬೇರೆ. ಎರಡನೆಯದು ಗ್ರೀಕಿನಿಂದ ಬಂದದ್ದು. ರಕ್ತ ಒಡೆದು ನುಗ್ಗುವುದು ಎಂದು ಅದರ ಮೂಲಾರ್ಥ. ಕನ್ನಡದಲ್ಲಿ ಎರಡಕ್ಕೂ ‘ರಕ್ತಸ್ರಾವ’ವೇ ಗತಿ. ಅದರಲ್ಲೂ ಸ್ರಾವವೆಂಬುದು ಮೂಗಿನ ಸ್ರಾವ, ಗಾಯದ ಸ್ರಾವ ಎಂಬಂಥ ಬಳಕೆಯಿಂದಾಗಿ ಒಸರುವಿಕೆಯ ಕಡೆಗೆ ವಾಲಿರುವ ಪದ. ಹೆರಿಗೆಯಾದ ಪ್ರತಿ ಹೆಣ್ಣಿಗೂ ರಕ್ತ ಹೋಗುತ್ತದೆ. ಆದುದರಿಂದ ‘ಹೆರಿಗೆ ನಂತರದ ರಕ್ತಸ್ರಾವ’ವೆಂಬ ಅನುವಾದವು ಕೇಳುವವಳಿಗೆ ಒಂದು ಸಹಜ ಸಂಗತಿಯ ಹೆಸರಾಗಿ ಮಾತ್ರ ತೋರುತ್ತದೆ. ಕೆಟ್ಟ ರಕ್ತ ಹೋದಷ್ಟೂ ಒಳ್ಳೆಯದು ಎಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿರುವಾಗ ಈ ಅನುವಾದ ಆ ನಂಬಿಕೆಯನ್ನು ಅಲುಗಾಡಿಸುವುದಿಲ್ಲ. ಎಚ್ಚರಿಕೆಯಾಗಬೇಕಾದ ನುಡಿಗಟ್ಟು ಸಮಾಧಾನವಾಗಿ ಪರಿಣಮಿಸುತ್ತದೆ.

ಕನ್ನಡದ ನಿಜವಾದ ಸಂಪತ್ತು ಇಲ್ಲಿ ಕ್ರಿಯಾಪದಗಳಲ್ಲಿದೆ. ಜಿನುಗು, ಒಸರು, ಸೋರು, ಹರಿ, ಸುರಿ, ಚಿಮ್ಮು. ದ್ರವವೊಂದು ಹೊರಬರುವ ಪ್ರಮಾಣವನ್ನೂ ರಭಸವನ್ನೂ ಇಷ್ಟು ಮೆಟ್ಟಿಲುಗಳಲ್ಲಿ ಹೇಳಬಲ್ಲ ಭಾಷೆಗೆ ಒಂದೇ ಒಂದು ‘ಸ್ರಾವ’ವನ್ನು ಕೊಟ್ಟು ಕೂರಿಸಿದಂತಾಗಿದೆ. ‘ರಕ್ತ ಬಾಳ ಹೋಗಾಕ ಹತ್ತೈತಿ’ ಎಂಬ ಮಾತು ಹೂಲಿಯ ಯಾವ ಮನೆಯಲ್ಲಿ ಕೇಳಿಬಂದರೂ ಹಿರಿಯ ಹೆಂಗಸೊಬ್ಬಳು ಎದ್ದು ಒಳಗೆ ಹೋಗುತ್ತಾಳೆ. ಆ ವಾಕ್ಯದಲ್ಲಿ ಪ್ರಮಾಣವಿದೆ, ಕಾಲವಿದೆ, ಕ್ರಿಯೆ ಇನ್ನೂ ನಿಂತಿಲ್ಲ ಎಂಬ ಸೂಚನೆಯೂ ಇದೆ. ನಾಮಪದಕ್ಕೆ ನಿಲ್ಲುವುದೂ ಗೊತ್ತಿಲ್ಲ, ಮುಂದುವರಿಯುವುದೂ ಗೊತ್ತಿಲ್ಲ.

ಆದರೆ ‘ಬಾಳ’ ಎಂದರೆ ಎಷ್ಟು? ಈ ಪ್ರಶ್ನೆಗೆ ಬೆಳಗಾವಿ ಜಿಲ್ಲೆಯಲ್ಲಿಯೇ ನಡೆದ ಒಂದು ಅಧ್ಯಯನ ಕುತೂಹಲಕರ ಉತ್ತರ ಕೊಡುತ್ತದೆ. 2002ರಿಂದ 2005ರವರೆಗೆ ಜಿಲ್ಲೆಯ ಗ್ರಾಮೀಣ ಭಾಗದಲ್ಲಿ, ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಸಂಶೋಧಕರು ವಿದೇಶಿ ವಿಜ್ಞಾನಿಗಳೊಡನೆ ಸೇರಿ 1,620 ಹೆಣ್ಣುಮಕ್ಕಳಲ್ಲಿ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯ ಪರಿಣಾಮವನ್ನು ಪರೀಕ್ಷಿಸಿದರು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಗುಳಿಗೆ ತೆಗೆದುಕೊಂಡವರಲ್ಲಿ ಹೆರಿಗೆ ನಂತರದ ಅತಿ ರಕ್ತಸ್ರಾವದ ಪ್ರಮಾಣ ಶೇ. 12ರಿಂದ ಶೇ. 6.4ಕ್ಕೂ, ಅದರ ಅತ್ಯುಗ್ರ ರೂಪ ಶೇ. 1.2ರಿಂದ ಶೇ. 0.2ಕ್ಕೂ ಇಳಿದಿತ್ತು. ಹೆರಿಗೆ ಮಾಡಿಸಿದವರು ಊರೂರಿನ ಆರೋಗ್ಯ ಸಹಾಯಕಿಯರು. ಹೋದ ರಕ್ತವನ್ನು ಅವರು ಕಣ್ಣಂದಾಜಿನಲ್ಲಿ ಹೇಳಲಿಲ್ಲ. ಬಾಣಂತಿಯ ಕೆಳಗೆ ಹಾಸುವ, ತುದಿಯಲ್ಲಿ ಅಳತೆಯ ಗೆರೆಗಳಿದ್ದ ಚೀಲವುಳ್ಳ ಪ್ಲಾಸ್ಟಿಕ್ ಹಾಸಿನಿಂದ ಅಳೆದರು. 500 ಮಿಲಿಲೀಟರ್ ದಾಟಿದರೆ ಅತಿ, 1,000 ದಾಟಿದರೆ ಅತ್ಯುಗ್ರ. ‘ಹೆಮರೇಜ್’ ಎಂಬ ಪದವನ್ನು ಅಲ್ಲಿ ಒಂದು ಗೆರೆಯಾಗಿ ಅನುವಾದಿಸಲಾಯಿತು ಎನ್ನಬಹುದು. ಶಾಸನಕವಿ ಎಲ್ಲೆಗಲ್ಲನ್ನು ಹೆಸರಿಸಿದ್ದೂ ಇದೇ ಕೆಲಸವೇ.

ಗೆರೆಯ ಹಾಸು ಪ್ರತಿ ಮನೆಯಲ್ಲಿ ಇರುವುದಿಲ್ಲ. ಅದಿಲ್ಲದ ಕಡೆ ಮಾತೇ ಅಳತೆಯಾಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಸೂತಿ ಆರೈಕೆಯ ಕೈಪಿಡಿಯು ಐದು ನಿಮಿಷಕ್ಕಿಂತ ಕಡಿಮೆ ಸಮಯದಲ್ಲಿ ಬಟ್ಟೆ ತೊಯ್ದರೆ ಅದನ್ನು ಅತಿ ರಕ್ತಸ್ರಾವವೆಂದು ಗುರುತಿಸುತ್ತದೆ. ‘ಐದು ನಿಮಿಷದೊಳಗ ಅರಿವಿ ಪೂರಾ ತೊಯ್ದರ, ಅದು ಹೊಲಸು ರಕ್ತ ಅಲ್ಲ, ಜೀವದ ರಕ್ತ ಹೋಗಾಕ ಹತ್ತೈತಿ, ಕೂಡಲೇ 108ಕ್ಕ ಫೋನ್ ಮಾಡ್ರಿ’ ಎಂಬ ವಾಕ್ಯದಲ್ಲಿ ಒಂದೂ ಪಾರಿಭಾಷಿಕ ಪದವಿಲ್ಲ. ಆದರೂ ಅದು ಇಂಗ್ಲಿಷಿನ ನುಡಿಗಟ್ಟಿಗೆ ‘ಹೆರಿಗೆ ನಂತರದ ರಕ್ತಸ್ರಾವ’ಕ್ಕಿಂತ ಹೆಚ್ಚು ನಿಷ್ಠವಾದ ಅನುವಾದ.

ಹೆಸರಿಲ್ಲದ ಕಾಯಿಲೆ

ಗರ್ಭಿಣಿಯಲ್ಲಿ ರಕ್ತದೊತ್ತಡ ಏರಿ ಸೆಳೆತಕ್ಕೆ ತಿರುಗುವ ಸ್ಥಿತಿಗೆ ‘ಪ್ರಿ-ಎಕ್ಲಾಂಪ್ಸಿಯಾ’, ‘ಎಕ್ಲಾಂಪ್ಸಿಯಾ’ ಎಂಬ ಹೆಸರುಗಳಿವೆ. ಇವೂ ಗ್ರೀಕ್ ಮೂಲದವು. ಫಕ್ಕನೆ ಹೊಳೆಯುವುದು, ಮಿಂಚುವುದು ಎಂದು ಧಾತ್ವರ್ಥ. ಗ್ರೀಕ್ ಅನುವಾದಕನಿಗೆ ಇಂಗ್ಲಿಷ್ ವೈದ್ಯಭಾಷೆ ತವರಿಗೆ ಮರಳಿದ ಮಗಳಿದ್ದಂತೆ. ಅವನ ತೊಂದರೆ, ಪರಿಚಿತವಾಗಿ ಕಾಣುವ ಪದ ಬೇರೆ ಅರ್ಥದಲ್ಲಿ ಬಂದು ಮೋಸಗೊಳಿಸುವುದು. ಕನ್ನಡದ ಅನುವಾದಕನಿಗೆ ಸಂಸ್ಕೃತ ಪದಗಳ ವಿಷಯದಲ್ಲಿ ಇದೇ ಅನುಭವವಾಗುವುದನ್ನು ‘ಉಪದ್ರವ’ದಲ್ಲಿ ಕಂಡಿದ್ದೇವೆ.

2016ರಲ್ಲಿ ‘ರಿಪ್ರೊಡಕ್ಟಿವ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ, ಗ್ರಾಮೀಣ ಕರ್ನಾಟಕದ ಸಮುದಾಯಗಳ ತಿಳುವಳಿಕೆಯನ್ನು ಕುರಿತ ಅಧ್ಯಯನವೊಂದು ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಗುಂಪುಚರ್ಚೆಗಳನ್ನು ಆಧರಿಸಿದೆ. ಅದರಲ್ಲಿ ಭಾಷಾಭ್ಯಾಸಿಗಳು ಗಮನಿಸಬೇಕಾದ ಒಂದು ಅಂಶವಿದೆ. ರಕ್ತದೊತ್ತಡಕ್ಕೂ ಸೆಳೆತಕ್ಕೂ ಸ್ಥಳೀಯ ಕನ್ನಡದಲ್ಲಿ ಮಾತುಗಳಿವೆ. ಆದರೆ ಗರ್ಭಾವಸ್ಥೆಗೇ ವಿಶಿಷ್ಟವಾದ ಪದಗಳಿಲ್ಲ. ರಕ್ತದೊತ್ತಡಕ್ಕೆ ಚಿಂತೆ, ಕಳಪೆ ಆಹಾರಗಳು ಕಾರಣವೆಂದೂ, ಸೆಳೆತಕ್ಕೆ ರಕ್ತಹೀನತೆ, ಬೆಂಕಿ ಅಥವಾ ನೀರಿನ ಸಂಪರ್ಕ ಮೊದಲಾದವು ಕಾರಣವೆಂದೂ ಜನ ಹೇಳಿದ್ದರು. ಸೆಳೆತ ಬಂದವರಿಗೆ ಈರುಳ್ಳಿ ಮೂಸಿಸುವುದು, ಕೈಯಲ್ಲಿ ಕಬ್ಬಿಣ ಹಿಡಿಸುವುದು ಮನೆಮದ್ದಾಗಿದ್ದವು.

ಮನೆಮದ್ದನ್ನು ಅಜ್ಞಾನವೆಂದು ತಳ್ಳಿಹಾಕುವ ಮೊದಲು ಅದರ ಭಾಷಿಕ ಕಾರಣವನ್ನು ನೋಡಬೇಕು. ಗರ್ಭಿಣಿಯ ಸೆಳೆತಕ್ಕೂ ಮೂರ್ಛೆರೋಗದ ಸೆಳೆತಕ್ಕೂ ಹೆಸರು ಒಂದೇ ಆಗಿರುವಾಗ ಮದ್ದೂ ಒಂದೇ ಆಗುವುದು ಸಹಜ. ಹೆಸರು ಬೇರೆಯಾಗದೆ ಚಿಕಿತ್ಸೆ ಬೇರೆಯಾಗದು. ‘ಗರ್ಭಾವಸ್ಥೆಯ ನಂಜು’ ಎಂಬ ಪದವನ್ನು ಕೆಲವು ಪುಸ್ತಕಗಳು ಬಳಸಿವೆ. ಆದರೆ ನಂಜು ಎಂದೊಡನೆ ಕೇಳುವವರ ಗಮನ ತಿಂದದ್ದು ಕುಡಿದದ್ದರ ಕಡೆಗೆ, ಪಥ್ಯದ ಕಡೆಗೆ ಹೋಗುತ್ತದೆ. ಬೇಕಾದದ್ದು ಒಂದು ಸುಂದರ ಹೆಸರಲ್ಲ, ಕ್ರಮ ತಿಳಿಸುವ ವಾಕ್ಯ: ‘ಬಸುರಿಗೆ ಬಿ.ಪಿ. ಏರಿ, ತಲೆ ಸಿಡಿದು, ಕಣ್ಣು ಮಂಜಾದರ ಹಿಂದಿನಿಂದ ಝಟಕೆ ಬಂದೀತು.’ ಬಿ.ಪಿ. ಎಂಬ ಅಕ್ಷರದ್ವಯ ಈಗ ಕನ್ನಡವೇ. ಅದನ್ನು ಹೊರಗಟ್ಟಿ ‘ಅಧಿಕ ರಕ್ತದೊತ್ತಡ’ವನ್ನು ಒಳಗೆ ಕರೆಯುವುದರಿಂದ ತಿಳುವಳಿಕೆ ಹೆಚ್ಚುವುದಿಲ್ಲ.

ಹಿಮ್ಮುಖ ಅನುವಾದದ ಮೋಸ

ಸಂಶೋಧನೆಗೆ ಸಂಬಂಧಿಸಿದ ಆರೋಗ್ಯ ಪಠ್ಯಗಳನ್ನು ಪರೀಕ್ಷಿಸಲು ಹಿಮ್ಮುಖ ಅನುವಾದದ ಪದ್ಧತಿ ರೂಢಿಯಲ್ಲಿದೆ. ಕನ್ನಡಕ್ಕೆ ಬಂದ ಪಠ್ಯವನ್ನು ಮೂಲ ನೋಡದ ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ತರುತ್ತಾರೆ. ಎರಡು ಇಂಗ್ಲಿಷುಗಳೂ ಕೂಡಿದರೆ ಅನುವಾದ ಸರಿ. ವೈಜ್ಞಾನಿಕವಾಗಿ ತೋರುವ ಈ ಪರೀಕ್ಷೆಗೆ ಒಂದು ದೊಡ್ಡ ದೋಷವಿದೆ. ಅದು ಅಳೆಯುವುದು ಕನ್ನಡ ಪಠ್ಯವು ಇಂಗ್ಲಿಷಿಗೆ ಎಷ್ಟು ಹತ್ತಿರವಿದೆ ಎಂಬುದನ್ನು, ಕನ್ನಡಿಗರಿಗೆ ಎಷ್ಟು ಹತ್ತಿರವಿದೆ ಎಂಬುದನ್ನಲ್ಲ.

‘ಹಾರ್ಟ್ ಫೇಲ್ಯೂರ್’ ಇದಕ್ಕೆ ತಕ್ಕ ಉದಾಹರಣೆ. ‘ಹೃದಯ ವೈಫಲ್ಯ’ ಎಂದು ಬರೆದರೆ ಹಿಮ್ಮುಖ ಅನುವಾದದಲ್ಲಿ ಅದು ಅಚ್ಚುಕಟ್ಟಾಗಿ ‘ಹಾರ್ಟ್ ಫೇಲ್ಯೂರ್’ ಆಗಿ ಮರಳುತ್ತದೆ, ಪರೀಕ್ಷೆ ಪಾಸು. ಆದರೆ ವೈಫಲ್ಯವೆಂದರೆ ಫಲ ಸಿಗದಿರುವುದು. ಸರಕಾರದ ವೈಫಲ್ಯ, ಯೋಜನೆಯ ವೈಫಲ್ಯ ಎಂಬಂತೆ. ‘ಫೇಲ್’ ಎಂಬ ರೂಪದಲ್ಲಿ ಕೇಳಿದವರಿಗೆ ಹೃದಯ ನಿಂತೇಹೋಯಿತು ಎಂದಾಗುತ್ತದೆ. ನಿಜದಲ್ಲಿ ಈ ಸ್ಥಿತಿಯಲ್ಲಿ ಹೃದಯ ನಿಂತಿರುವುದಿಲ್ಲ. ಬೇಕಾದಷ್ಟು ರಕ್ತವನ್ನು ತಳ್ಳಲಾರದೆ ದಣಿದಿರುತ್ತದೆ. ಇದಕ್ಕೆ ಕನ್ನಡದಲ್ಲಿ ‘ಸೋಲು’ ಎಂಬ ಧಾತುವಿದೆ. ‘ಕೈಕಾಲು ಸೋತವು’, ‘ನಡೆದು ನಡೆದು ಸೋತೆ’ ಎಂಬಲ್ಲಿ ಸೋಲು ಎಂದರೆ ದಣಿವು, ಶಕ್ತಿ ಉಡುಗುವುದು. ಪಂದ್ಯದ ಅಪಜಯವೂ ಹೌದು. ‘ಹೃದಯ ಸೋತಿದೆ’ ಎಂದರೆ ಅದು ಇನ್ನೂ ಕೆಲಸ ಮಾಡುತ್ತಿದೆ, ಆದರೆ ಬಲವಿಲ್ಲ, ಆಸರೆ ಬೇಕು ಎಂಬ ಮೂರೂ ಅರ್ಥಗಳು ಬರುತ್ತವೆ. ಇದನ್ನು ಹಿಮ್ಮುಖವಾಗಿ ಅನುವಾದಿಸಿದರೆ ಹೃದಯ ದಣಿದಿದೆ ಎಂದೋ ಅಪಜಯ ಹೊಂದಿದೆ ಎಂದೋ ಇಂಗ್ಲಿಷಿನಲ್ಲಿ ಮರಳುತ್ತದೆ, ಪರೀಕ್ಷೆ ನಪಾಸು. ಹೀಗೆ ಅರ್ಥವಾಗದ ಅನುವಾದ ಉತ್ತೀರ್ಣವಾಗಿ, ಅರ್ಥವಾಗುವ ಅನುವಾದ ಅನುತ್ತೀರ್ಣವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಕ್ರಮದಲ್ಲಿ ಹಿಮ್ಮುಖ ಅನುವಾದದ ನಂತರ ಬಳಸುವ ಜನರೊಡನೆಯೇ ಪೂರ್ವಪರೀಕ್ಷೆ ನಡೆಸಬೇಕೆಂದಿದೆ. ಅಂಥ ಪೂರ್ವಪರೀಕ್ಷೆಯಲ್ಲಿ ‘ಅರ್ಥವಾಯಿತೆ?’ ಎಂದು ಕೇಳುವುದು ಸಾಲದು. ‘ಹಂಗಂದ್ರ ಏನು, ನಿಮ್ಮ ಮಾತಿನ್ಯಾಗ ಹೇಳ್ರಿ’ ಎಂದು ಕೇಳಬೇಕು.

‘ತೀವ್ರ’ ಪದದ ಅತಿಬಳಕೆ ಇದೇ ಬಗೆಯದು. ‘ಅಕ್ಯೂಟ್’ ಎಂದರೂ ತೀವ್ರ, ‘ಸಿವಿಯರ್’ ಎಂದರೂ ತೀವ್ರ, ‘ಇಂಟೆನ್ಸಿವ್’ ಎಂದರೂ ತೀವ್ರ. ಮೇಲೆ ಹೇಳಿದ ಅಧ್ಯಯನದಲ್ಲಿ ‘ಅಕ್ಯೂಟ್ ಸಿವಿಯರ್’ ಎಂಬ ಜೋಡಿಯೇ ಇದೆ. ನಿಘಂಟನ್ನು ನಂಬಿದರೆ ಅದು ‘ತೀವ್ರ ತೀವ್ರ’ವಾಗಬೇಕು. ಮೊದಲನೆಯದು ಕಾಲಕ್ಕೆ, ಎರಡನೆಯದು ಬಲಕ್ಕೆ ಸಂಬಂಧಿಸಿದ್ದು. ಒಮ್ಮೆಲೆ ಬಂದದ್ದು, ಜೋರಾಗಿ ಬಂದದ್ದು ಎಂದು ಎರಡಾಗಿ ಒಡೆದರೆ ತೊಂದರೆಯೇ ಇಲ್ಲ. ‘ಸ್ಥಿತಿ ಗಂಭೀರ, ಆದರೆ ಸ್ಥಿರ’ ಎಂಬುದೂ ಹೀಗೆಯೇ. ‘ಸ್ಥಿರ’ವೆಂಬುದನ್ನು ಕೇಳುವವರು ಗುಣವಾಗುತ್ತಿದೆ ಎಂದು ಗ್ರಹಿಸುತ್ತಾರೆ, ಹೇಳುವವರ ಅರ್ಥ ಏರಿಲ್ಲ ಇಳಿದಿಲ್ಲ ಎಂದಷ್ಟೆ.

ಸಂಭಾವನೆಯ ವ್ಯಾಕರಣ

ಅಪಾಯದ ಅನುವಾದದಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ, ಎಲ್ಲಕ್ಕಿಂತ ಕಡಿಮೆ ಚರ್ಚೆಯಾದ ಪದ ‘ಬಹುದು’. ಇಂಗ್ಲಿಷಿನ ‘ಮೇ’ ಎಂಬುದಕ್ಕೆ ಇದು ಸಿದ್ಧ ಪ್ರತಿಪದ. ‘ಮರಣ ಸಂಭವಿಸಬಹುದು’, ‘ಅಂಗಾಂಗಗಳಿಗೆ ಹಾನಿಯುಂಟಾಗಬಹುದು’ ಇತ್ಯಾದಿ. ಕನ್ನಡದಲ್ಲಿ ‘ಬಹುದು’ ಸಾಧ್ಯತೆಯನ್ನೂ ಅನುಮತಿಯನ್ನೂ ಸೂಚಿಸುತ್ತದೆ. ‘ನೀವಿನ್ನು ಹೋಗಬಹುದು’ ಎಂಬಲ್ಲಿ ಅದು ಅಪ್ಪಣೆ. ಅದಕ್ಕಿಂತ ಮುಖ್ಯವಾಗಿ, ‘ಬಹುದು’ ವಕ್ತೃವಿನ ನಿಲುವನ್ನು ತಿಳಿಸುವುದಿಲ್ಲ. ಆಗಬಹುದು, ಆಗದಿರಬಹುದು; ಹೇಳುವವನು ಎರಡಕ್ಕೂ ಹೊರಗೆ ನಿಂತಿರುತ್ತಾನೆ. ಆಸ್ಪತ್ರೆಯ ಹೊಣೆಯನ್ನು ಕಳೆಯಲು ಇದು ಅನುಕೂಲಕರ, ರೋಗಿಯನ್ನು ಎಚ್ಚರಿಸಲು ಅಲ್ಲ.

ಕನ್ನಡ ವ್ಯಾಕರಣದಲ್ಲಿ ಇದಕ್ಕೆ ಬೇರೆಯೇ ಒಂದು ಕ್ರಿಯಾರೂಪವಿದೆ. ಪ್ರೌಢಶಾಲೆಯ ವ್ಯಾಕರಣ ಪುಸ್ತಕಗಳು ವಿಧ್ಯರ್ಥಕ, ನಿಷೇಧಾರ್ಥಕಗಳ ಜೊತೆಗೆ ಕಲಿಸುವ ಸಂಭಾವನಾರ್ಥಕ: ಬಂದಾನು, ಬಂದಾಳು, ಬಂದೀತು, ಬಿದ್ದೀಯೆ. ಬರಹದ ಕನ್ನಡದಲ್ಲಿ ಇದರ ಬಳಕೆ ಕಡಿಮೆಯಾಗುತ್ತಿದ್ದರೂ ಉತ್ತರ ಕರ್ನಾಟಕದ ಮಾತಿನಲ್ಲಿ ಅದು ಜೀವಂತವಾಗಿದೆ. ಕಟ್ಟೆಯ ಅಂಚಿಗೆ ಹೋದ ಮಗುವಿಗೆ ತಾಯಿ ‘ನೀನು ಬೀಳಬಹುದು’ ಎನ್ನುವುದಿಲ್ಲ. ‘ಬಿದ್ದೀ, ಹುಷಾರ’ ಎನ್ನುತ್ತಾಳೆ. ಸಾಧ್ಯತೆ, ಹೇಳುವವಳ ಆತಂಕ, ಕೇಳುವವನು ಮಾಡಬೇಕಾದ ಕ್ರಿಯೆ ಮೂರೂ ಆ ಒಂದು ಪದದಲ್ಲಿವೆ. ಇಂಗ್ಲಿಷ್ ಕ್ರಿಯಾಪದಕ್ಕೆ ಈ ಸೌಲಭ್ಯ ತನ್ನ ರೂಪದಲ್ಲಿ ಇಲ್ಲ. ಅದಕ್ಕಾಗಿಯೇ ಅದು ‘ಮೇ’ ಎಂಬ ಸಹಾಯಕವನ್ನು ಹಿಡಿಯುತ್ತದೆ. ತನ್ನಲ್ಲಿರುವ ಸೌಲಭ್ಯವನ್ನು ಬಿಟ್ಟು ಇಲ್ಲದವರ ಊರುಗೋಲನ್ನು ಕನ್ನಡ ಏಕೆ ಹಿಡಿಯಬೇಕು?

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಸಂಭಾವನಾರ್ಥಕವು ಎಚ್ಚರಿಕೆಯಾಗಿರುವಂತೆ ಅಪಶಕುನವೂ ಹೌದು. ‘ಸತ್ತಾಳು’ ಎಂಬ ಮಾತು ಗರ್ಭಿಣಿಯ ಎದುರು ಬಾಯಿಂದ ಬಿದ್ದರೆ ‘ಬಿಡ್ತು ಅನ್ನು’ ಎಂದು ಗದರಿಸುವ ಸಂಸ್ಕೃತಿ ನಮ್ಮದು. ಕೆಟ್ಟದ್ದನ್ನು ಹೆಸರಿಸಿದರೆ ಅದು ಬಂದೇಬಿಡುತ್ತದೆ ಎಂಬ ಭಯ ಇದರ ಹಿಂದಿದೆ. ‘ಹೆಚ್ಚುಕಡಿಮೆ’ ಹುಟ್ಟಿದ್ದೂ, ಅರ್ಥವಾಗದ ‘ಮರಣ ಸಂಭವಿಸಬಹುದು’ ಯಾರಿಗೂ ನೋವು ಕೊಡದೆ ಉಳಿದುಕೊಂಡದ್ದೂ ಈ ಕಾರಣದಿಂದಲೇ. ಹೀಗಾಗಿ ಸಂಸ್ಕೃತಮಯ ಅನುವಾದವನ್ನು ಕೇವಲ ಪಂಡಿತರ ಹಟವೆಂದು ಬಗೆಯುವುದು ಅನ್ಯಾಯ. ಅದು ಒಂದು ಬಗೆಯ ಸೌಜನ್ಯದ ಮುಸುಕು ಕೂಡ. ಮುಸುಕನ್ನು ಪೂರ್ತಿ ಕಿತ್ತೊಗೆದರೆ ಕೇಳುವವಳು ಹೆದರಿ ದವಾಖಾನೆಯಿಂದಲೇ ದೂರ ಉಳಿದಾಳು.

ಈ ಇಕ್ಕಟ್ಟಿಗೆ ಮಾತಿನಲ್ಲಿಯೇ ಪರಿಹಾರವಿದೆ. ಹಳ್ಳಿಯ ಹಿರಿಯರು ಕೆಟ್ಟದ್ದನ್ನು ಹೇಳಲೇಬೇಕಾದಾಗ ಮಧ್ಯಮ ಪುರುಷವನ್ನು ಬಿಟ್ಟು ಪ್ರಥಮ ಪುರುಷಕ್ಕೆ, ವ್ಯಕ್ತಿಯನ್ನು ಬಿಟ್ಟು ಅಂಗಕ್ಕೆ ಅಥವಾ ಹೊತ್ತಿಗೆ ಕ್ರಿಯೆಯನ್ನು ಹೊರಿಸುತ್ತಾರೆ. ‘ನೀ ಸತ್ತೀ’ ಎನ್ನುವುದಿಲ್ಲ. ‘ಜೀವಕ್ಕ ಎರವಾದೀತು’, ‘ಹೊತ್ತು ಮೀರೀತು’ ಎನ್ನುತ್ತಾರೆ. ಕ್ರಿಯಾರೂಪ ಅದೇ, ಎಚ್ಚರಿಕೆಯೂ ಅಷ್ಟೇ ಬಲವಾದದ್ದು. ಆದರೆ ಅದರ ಬೆರಳು ಎದುರಿಗೆ ಕುಳಿತವಳ ಕಡೆಗೆ ಚಾಚಿಲ್ಲ. ಡಾ. ಅನುಪಮಾ ನಿರಂಜನ ಅವರು ‘ತಾಯಿ-ಮಗು’ವಿನಂಥ ಕೃತಿಗಳಲ್ಲಿ ಸಾಮಾನ್ಯ ಓದಿನ ಹೆಣ್ಣುಮಕ್ಕಳಿಗೆ ವೈದ್ಯವಿಷಯವನ್ನು ಹೇಳಲು ಸಾಧ್ಯವೆಂದು ಬಹಳ ಹಿಂದೆಯೇ ತೋರಿಸಿದ್ದಾರೆ. ಒಪ್ಪಿಗೆ ಪತ್ರಗಳ ಅನುವಾದಕರು ಆ ದಾರಿಯಲ್ಲಿ ನಡೆದಂತೆ ಕಾಣುವುದಿಲ್ಲ.

‘ಮೆಟರ್ನಲ್ ನಿಯರ್ ಮಿಸ್’ ಎಂಬ ನುಡಿಗಟ್ಟು ಈ ಸಂದರ್ಭದಲ್ಲಿ ಪರಿಶೀಲನಾರ್ಹ. ಹೆರಿಗೆಯ ಸಮಯದ ಗಂಭೀರ ತೊಡಕಿನಿಂದ ಸಾಯುವಂತಾಗಿ ಬದುಕುಳಿದ ತಾಯಂದಿರನ್ನು ಎಣಿಸಲು ವಿಶ್ವ ಆರೋಗ್ಯ ಸಂಸ್ಥೆ ಈ ಪದವನ್ನು ಬಳಸುತ್ತದೆ. ಇಂಗ್ಲಿಷಿನ ಈ ನುಡಿ ಗುರಿ ತಪ್ಪಿದ ಬಾಣದ ಕಡೆಯಿಂದ ನೋಡುತ್ತದೆ. ಅಲ್ಲಿ ಕರ್ತೃ ಸಾವು. ‘ಸನಿಹದ ತಪ್ಪುವಿಕೆ’ ಎಂದು ಅನುವಾದಿಸಿದರೆ ಯಾರು, ಏನನ್ನು ತಪ್ಪಿಸಿಕೊಂಡರೆಂಬುದು ತಿಳಿಯದು. ಕನ್ನಡದಲ್ಲಿ ಇಂಥ ಹೆಣ್ಣುಮಗಳ ಬಗ್ಗೆ ‘ಸತ್ತು ಬದುಕಿದಳು’, ‘ಗಂಡಾಂತರದಿಂದ ಪಾರಾದಳು’, ‘ಮರುಹುಟ್ಟು ಪಡೆದಳು’ ಎನ್ನುತ್ತಾರೆ. ಮೂರರಲ್ಲಿಯೂ ಕರ್ತೃಪದ ಹೆಣ್ಣಿನದು. ಇವುಗಳಲ್ಲಿ ‘ಸತ್ತು ಬದುಕಿದ ತಾಯಿ’ ಎಂಬುದನ್ನು ಆರೋಗ್ಯ ಸಹಾಯಕಿಯರ ದಾಖಲೆಯ ಕಾಲಮಿನ ತಲೆಬರಹವಾಗಿ ಇಟ್ಟರೆ, ಅದನ್ನು ತುಂಬುವಾಕೆಗೆ ಪ್ರತ್ಯೇಕ ವಿವರಣೆಯ ಅಗತ್ಯ ಬೀಳದು. ಊರಿನಲ್ಲಿ ಅಂಥವರು ಯಾರೆಂಬುದು ಅವಳಿಗೆ ಗೊತ್ತೇ ಇರುತ್ತದೆ.